ಹೊಡೆದುಹಾಕಿದ ನಾಲ್ಕು ಸಾಲು

ಬೆಳಿಗ್ಗೆ ಹನ್ನೊಂದು ಮುಕ್ಕಾಲು. ಆ ಗಂಟೆ ನನಗೆ ಸರಿಯಾಗಿ ನೆನಪಿದೆ. ಕೆಂಪು ಪೆನ್ಸಿಲ್ಲನ್ನು ಮೇಜಿನ ಮೇಲಿಟ್ಟು ಗೋಡೆಯ ಗಡಿಯಾರ ನೋಡಿದ್ದೆ; ಒಂದು ಗಂಟೆಯೊಳಗೆ ಪೆರಂಬೂರು ಸೇರಿದರೆ ನೀರಿನ ಲಾರಿ ಸಿಗುತ್ತದೆಯೇ ಎಂದು ಲೆಕ್ಕ ಹಾಕುತ್ತಿದ್ದೆ. ಸುಮತಿ ಮೆಟ್ಟಿಲಿನಿಂದ ಬಿದ್ದದ್ದು ಮರುದಿನ ಮಧ್ಯಾಹ್ನ ಮೂರು ಇಪ್ಪತ್ತಕ್ಕೆ. ಆ ಬೇಸಿಗೆಯ ಬಗ್ಗೆ ಯಾರು ಮಾತೆತ್ತಿದರೂ ಮೂರು ಇಪ್ಪತ್ತರಿಂದಲೇ ಶುರು ಮಾಡುತ್ತಾರೆ. ಅದಕ್ಕೆ ಒಂದು ಹಗಲು, ಒಂದು ರಾತ್ರಿ, ಮೇಲೆ ಮೂರೂವರೆ ಗಂಟೆ ಮೊದಲು ಮದರಾಸಿನ ಕೋಡಂಬಾಕ್ಕಂನ ಒಂದು ಸಣ್ಣ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತು ಒಂದು ಹಾಡಿನ ನಾಲ್ಕು ಸಾಲಿನ ಮೇಲೆ ನಾನು ಗೀಟು ಎಳೆದದ್ದು ಹೆಚ್ಚಿನವರಿಗೆ ಗೊತ್ತಿಲ್ಲ.

ಹೋದ ತಿಂಗಳು ಅಡ್ಯಾರಿನ ಒಂದು ಮದುವೆಗೆ ಹೋಗಿದ್ದೆವು. ಗಂಡಿನ ಕಡೆಯವರು ಕೇರಳದಿಂದ ಚೆಂಡೆಯವರನ್ನು ಕರೆಸಿದ್ದರು. ಹತ್ತು ಹನ್ನೆರಡು ಜನ ಸಾಲಾಗಿ ನಿಂತು ಬಾರಿಸುತ್ತ ಉರುಳಿಕೆಯನ್ನು ಏರಿಸುತ್ತಿದ್ದಂತೆ ನನ್ನ ಬಲಗೈ ತಾನಾಗಿ ಮೇಲೆದ್ದಿತು, ಯಾರನ್ನೋ ತಡೆಯುವ ಹಾಗೆ. ಪಕ್ಕದಲ್ಲಿದ್ದ ನಮ್ಮವರು ಮೆಲ್ಲಗೆ ಆ ಕೈಯನ್ನು ಹಿಡಿದು ತೊಡೆಯ ಮೇಲಿಟ್ಟರು. ಎಷ್ಟೋ ವರ್ಷಗಳಿಂದ ಅವರು ಏಕೆಂದು ಕೇಳುವುದನ್ನು ಬಿಟ್ಟಿದ್ದಾರೆ. ಆದ್ದರಿಂದಲೇ ಬರೆದುಬಿಡೋಣ ಎನ್ನಿಸಿತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮವರು ರೈಲ್ವೆಯಲ್ಲಿ ಇಂಜಿನಿಯರು. ಮದುವೆಯಾಗಿ ಮೈಸೂರಿನಿಂದ ಪೆರಂಬೂರಿಗೆ ಬಂದಾಗ ನನ್ನ ಬಳಿ ಒಂದು ಕನ್ನಡ ಎಂ.ಎ. ಇತ್ತು, ಅದಕ್ಕೆ ಅಲ್ಲಿ ಯಾವ ಉಪಯೋಗವೂ ಇರಲಿಲ್ಲ. ತಮಿಳು ಬಾರದು, ಕೆಲಸ ಸಿಗದು. ಹಾಗೆ ಕನ್ನಡ ಸಂಘಕ್ಕೆ ಹೋಗತೊಡಗಿದೆ. ಅಲ್ಲಿ ಎರಡು ಬಗೆಯ ಜನ ಬರುತ್ತಿದ್ದರು. ನಮ್ಮಂತೆ ಮೈಸೂರು, ಮಂಡ್ಯ ಕಡೆಯಿಂದ ನೌಕರಿಗೆ ಬಂದವರು ಕುರ್ಚಿಯಲ್ಲಿ ಕೂರುತ್ತಿದ್ದರು. ಕುಂದಾಪುರ, ಉಡುಪಿ ಕಡೆಯಿಂದ ಬಂದು ಹೋಟೆಲುಗಳಲ್ಲಿ ದುಡಿಯುವವರು ಕುರ್ಚಿ ಹಾಕುತ್ತಿದ್ದರು. ಯಾರೂ ಹಾಗೆಂದು ಗೆರೆ ಎಳೆದಿರಲಿಲ್ಲ, ಆದರೆ ಹಾಗೇ ನಡೆಯುತ್ತಿತ್ತು.

ಆ ವರ್ಷದ ರಾಜ್ಯೋತ್ಸವಕ್ಕೆ ನಾನೊಂದು ಸಂಗೀತ ನಾಟಕ ಬರೆದೆ, ‘ಮುಗಿಲೂರ ಮಗಳು’. ಮಳೆ ಬಾರದ ಒಂದು ರಾಜ್ಯ. ಮೋಡದ ಊರಿನ ಹುಡುಗಿಯೊಬ್ಬಳು ಕೆಳಗಿಳಿದಾಗ ಅಲ್ಲಿನ ರಾಜ ಅವಳನ್ನು ಹಿಡಿದು ಕೂಡಿಹಾಕುತ್ತಾನೆ, ಇವಳಿದ್ದಲ್ಲಿ ಮಳೆ ಇರುತ್ತದೆ ಎಂಬ ಆಸೆಯಿಂದ. ಮಳೆ ಬರುವುದಿಲ್ಲ. ಕೊನೆಗೆ ಅವನೇ ಬಾಗಿಲು ತೆರೆಯುತ್ತಾನೆ. ಅವಳು ಹಾಡುತ್ತ ಮೇಲೇರಿ ಮರೆಯಾಗುತ್ತಾಳೆ, ಅವಳು ಮರೆಯಾದ ಜಾಗದಲ್ಲಿ ಮಳೆ ಬೀಳುತ್ತದೆ.

ಆ ಹುಡುಗಿಯ ಪಾತ್ರ ಮಾಡಿದವಳು ಸುಮತಿ. ಇಪ್ಪತ್ತು ವರ್ಷ. ನಮ್ಮ ಬೀದಿಯ ತುದಿಯ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ ಶೀನಣ್ಣನ ಅಕ್ಕನ ಮಗಳು. ತಂದೆ ಇಲ್ಲದ ಹುಡುಗಿಯೆಂದು ಶೀನಣ್ಣ ಮತ್ತು ಅವನ ಹೆಂಡತಿ ಗುಲಾಬಕ್ಕ ಅವಳನ್ನು ಸಣ್ಣವಳಿದ್ದಾಗಲೇ ಮದರಾಸಿಗೆ ಕರೆತಂದು ಸಾಕಿದ್ದರು. ಹೋಟೆಲಿನ ಹಿಂದಿನ ಎರಡು ಕೋಣೆಯಲ್ಲಿ ಅವರ ಮನೆ. ಸುಮತಿ ಕಪ್ಪು, ಅಗಲ ಹಣೆ, ಮುಂದಿನ ಹಲ್ಲು ಸ್ವಲ್ಪ ಮುಂದೆ. ಬಾಯಿ ತೆರೆದು ಹಾಡಿದರೆ ಮುಂದಿನ ಸಾಲಿನ ಬ್ಯಾಂಕ್ ಮ್ಯಾನೇಜರುಗಳು ಪಕ್ಕದವರ ಜೊತೆ ಮಾತು ನಿಲ್ಲಿಸುತ್ತಿದ್ದರು.

ಕೊನೆಯ ದೃಶ್ಯದ ಏರ್ಪಾಡು ಶೀನಣ್ಣನದು. ಬಣ್ಣದ ಮೋಡದ ಹಿಂದೆ ಎಂಟು ಮೆಟ್ಟಿಲಿನ ಒಂದು ಏಣಿ. ಹಾಡಿನ ಕೊನೆಯ ಚರಣಕ್ಕೆ ಎಂಟು ಸಾಲು. ಸಾಲಿಗೊಂದು ಮೆಟ್ಟಿಲಂತೆ ಸುಮತಿ ಹತ್ತಬೇಕು. ಮೊದಲ ಮೆಟ್ಟಿಲಲ್ಲಿ ಅವಳಿಗೆ ಕೆರೆ ಕಾಣುತ್ತದೆ, ಎರಡನೆಯದರಲ್ಲಿ ಗದ್ದೆ, ಆಮೇಲೆ ಅರಮನೆಯ ಹೆಂಚು, ಗೋಪುರದ ತುದಿ, ಬೆಟ್ಟ, ಹೊಳೆ, ಏಳನೆಯದರಲ್ಲಿ ಕಡಲು, ಎಂಟನೆಯದರಲ್ಲಿ ಅಮ್ಮನ ಮನೆ. ಎಂಟಕ್ಕೆ ಬಂದವಳು ಪಕ್ಕದ ಅಟ್ಟಕ್ಕೆ ಸರಿದುಬಿಡುತ್ತಿದ್ದಳು. ಅಷ್ಟರಲ್ಲಿ ಚೆಂಡೆ ಉರುಳುತ್ತದೆ. ಚೆಂಡೆ ಉರುಳಿದ ಕೂಡಲೇ ಮರೆಯಲ್ಲಿ ನಿಂತ ಶೀನಣ್ಣ ಹಗ್ಗ ಬಿಡುತ್ತಿದ್ದ. ಬೆಳ್ಳಿ ನೂಲುಗಳನ್ನು ಇಳಿಬಿಟ್ಟ ಬಿದಿರಿನ ಚೌಕಟ್ಟೊಂದು ಮೇಲಿಂದ ಆ ಏಣಿಯ ಮೇಲೇ ಸರ್ರನೆ ಇಳಿಯುತ್ತಿತ್ತು. ದೀಪ ಬಿದ್ದರೆ ಅದು ಮಳೆಯೇ. ಜನ ಎದ್ದು ನಿಲ್ಲುತ್ತಿದ್ದರು.

ಶೀನಣ್ಣ ನಿಂತಲ್ಲಿಂದ ಏಣಿ ಕಾಣುತ್ತಿರಲಿಲ್ಲ. ಕಾಣಬೇಕೆಂದು ಅವನಿಗೆ ಅನ್ನಿಸಿಯೂ ಇರಲಿಲ್ಲ. ಹೋಟೆಲಿಗೆ ಬರುವ ಮೊದಲು ಅವನು ಊರಿನ ಯಕ್ಷಗಾನ ಮೇಳವೊಂದರಲ್ಲಿ ರಂಗಸ್ಥಳ ಕಟ್ಟುತ್ತಿದ್ದವನು. ಪರದೆ ಹಿಡಿಯುವುದು, ಬಿಡುವುದು, ಎಲ್ಲವೂ ಚೆಂಡೆ ಹೇಳಿದಂತೆ. ಒಮ್ಮೆ ನಾನು, ಸುಮತಿ ಅಟ್ಟಕ್ಕೆ ಸರಿದದ್ದನ್ನು ಯಾರಾದರೂ ನೋಡಿ ಸನ್ನೆ ಮಾಡಬಾರದೇ ಎಂದು ಕೇಳಿದ್ದೆ. ಅವನು ನಕ್ಕುಬಿಟ್ಟಿದ್ದ. ಕಣ್ಣಿಗೆ ಕಾದರೆ ಕೈ ತಡವಾಗುತ್ತದೆ, ಚೆಂಡೆ ಸುಳ್ಳು ಹೇಳುವುದಿಲ್ಲ ಎಂದಿದ್ದ.

ಮೂರನೆಯ ಪ್ರದರ್ಶನಕ್ಕೆ ಒಬ್ಬ ನಿರ್ಮಾಪಕರು ಬಂದರು, ಮೂರ್ತಿ ಎಂಬ ನಿರ್ದೇಶಕರನ್ನೂ ಕರೆತಂದರು. ಮೂರ್ತಿ ನಮ್ಮ ಕಡೆಯವರೇ, ಇಪ್ಪತ್ತು ವರ್ಷ ಕೋಡಂಬಾಕ್ಕಂನಲ್ಲಿ ಇತರರ ಕೈಕೆಳಗೆ ದುಡಿದು ಸೋತವರು. ಇದು ಅವರ ಮೊದಲ ಸ್ವಂತ ಚಿತ್ರವಾಗುವುದಿತ್ತು. ನಾಟಕವನ್ನು ಸಿನಿಮಾ ಮಾಡೋಣ, ಚಿತ್ರಕಥೆ ಹಾಡು ಎರಡಕ್ಕೂ ನಿಮ್ಮ ಹೆಸರೇ ಬರುತ್ತದೆ ಎಂದರು. ಆ ದಿನ ನಾನು ಮೈಸೂರಿಗೆ ಮೂರು ಸಲ ಎಸ್.ಟಿ.ಡಿ. ಫೋನು ಮಾಡಿದೆ.

ಪಾತ್ರಗಳ ಆಯ್ಕೆಗೆ ವಡಪಳನಿಯ ಒಂದು ಸ್ಟುಡಿಯೋದಲ್ಲಿ ಸುಮತಿಯ ಮುಖಕ್ಕೆ ದೀಪ ಬಿಟ್ಟು ಫೋಟೋ ತೆಗೆದರು. ಅವಳು ಗುಲಾಬಕ್ಕನ ರೇಷ್ಮೆ ಸೀರೆ ಉಟ್ಟು, ಬೆವರನ್ನು ಒರೆಸಬೇಕೋ ಬೇಡವೋ ಎಂದು ತಿಳಿಯದೆ ನೆಟ್ಟಗೆ ಕೂತಿದ್ದಳು. ಮೂರ್ತಿ ನನ್ನನ್ನು ಬಾಗಿಲ ಬಳಿಗೆ ಕರೆದರು.

“ಬರೆದೋರು ನೀವು, ನೀವೇ ಹೇಳಿ ಮೇಡಂ. ಮುಗಿಲೂರ ಹುಡುಗಿ ಅಂದ್ರೆ ನಿಮ್ಮ ಕಣ್ಣಿಗೆ ಬರೋದು ಈ ಮುಖಾನೇನಾ?”

ಅವರಿಗೆ ಯಾವ ಉತ್ತರ ಬೇಕಿತ್ತು ಎಂಬುದು ಪ್ರಶ್ನೆಯಲ್ಲೇ ಇತ್ತು. ಬರೆಯುವಾಗ ನನ್ನ ಕಣ್ಣಿಗೆ ಬಂದದ್ದು ನಿಜಕ್ಕೂ ಅದೇ ಮುಖ. ಸುಮತಿಯನ್ನು ನೋಡಿಕೊಂಡೇ ನಾನು ಆ ಪಾತ್ರ ಬರೆದಿದ್ದೆ. ಆದರೆ ನಾನು, ಧ್ವನಿಗೆ ಇವಳೇ ಆಗಬೇಕು, ಮುಖಕ್ಕೆ ಬೇಕಾದರೆ ಬೇರೆಯವರನ್ನು ನೋಡಬಹುದು ಎಂದೆ. ಅಷ್ಟಕ್ಕೆ ನಿಲ್ಲಿಸದೆ, ಸಿನಿಮಾದ ವ್ಯಾಕರಣವೇ ಬೇರೆ ಅಲ್ಲವೇ ಎಂದೂ ಸೇರಿಸಿದೆ. ಸಿನಿಮಾದ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ.

ಸುಮತಿಗೆ ತಿಳಿಸುವ ಕೆಲಸವೂ ನನಗೇ ಬಂತು. ಹೋಟೆಲಿನ ಹಿಂದಿನ ಬಾಗಿಲಲ್ಲಿ ಅವಳು ಕೊತ್ತಂಬರಿ ಬಿಡಿಸುತ್ತಿದ್ದಳು. ಹಾಡೆಲ್ಲ ನಿನ್ನದೇ, ದೂರದ ದೃಶ್ಯಗಳಲ್ಲೂ ನೀನೇ, ಹತ್ತಿರದಿಂದ ತೋರಿಸುವಾಗ ಮಾತ್ರ ಇನ್ನೊಬ್ಬಳು ಎಂದು ಸುತ್ತಿ ಬಳಸಿ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

“ಮಳೆ ತರುವ ಮೋಡ ಕಪ್ಪೇ ಅಲ್ದಾ ಅಕ್ಕ?” ಎಂದು ಕೇಳಿ, “ಇರ್ಲಿ, ಹಾಡಾದರೂ ನಂದೇ ಅಲ್ದಾ” ಎಂದು ಸೊಪ್ಪಿನ ಕಟ್ಟನ್ನು ಎತ್ತಿಕೊಂಡು ಒಳಗೆ ಹೋದಳು.

ಹೊಸ ನಾಯಕಿ ಅಡ್ಯಾರಿನ ಕಾಲೇಜು ಹುಡುಗಿ, ಒಂದೆರಡು ಜಾಹೀರಾತಿನಲ್ಲಿ ಬಂದಿದ್ದಳು. ಅಜ್ಜನ ಕಾಲದಲ್ಲೇ ಮದರಾಸಿಗೆ ಬಂದ ಕನ್ನಡದ ಮನೆ; ಕನ್ನಡ ಅರ್ಥವಾಗುತ್ತಿತ್ತು, ಉತ್ತರ ತಮಿಳಿನಲ್ಲಿ ಬರುತ್ತಿತ್ತು. ಒಳ್ಳೆಯ ಹುಡುಗಿಯೇ. ಆದರೆ ಏಣಿಯ ಎರಡನೆಯ ಮೆಟ್ಟಿಲಿಗೇ ಹೆದರಿ ಕೂತುಬಿಟ್ಟಳು. ಹೀಗಾಗಿ ಕೊನೆಯ ದೃಶ್ಯದಲ್ಲಿ ಮೋಡದ ಹಿಂದೆ ಏರುವವಳನ್ನು ಬೆನ್ನ ಕಡೆಯಿಂದ ತೆಗೆಯುವುದೆಂದೂ, ಆ ಬೆನ್ನು ಸುಮತಿಯದೆಂದೂ ತೀರ್ಮಾನವಾಯಿತು. ಸ್ಟುಡಿಯೋದವರು ಬೆಳ್ಳಿ ನೂಲಿನ ಚೌಕಟ್ಟನ್ನು ಅಗಲ ಮಾಡಿದರು. ಅಗಲವಾದದ್ದಕ್ಕೆ ಬಿದಿರು ಬಾಗುತ್ತದೆಂದು ಕಬ್ಬಿಣದ ಪೈಪು ಹಾಕಿದರು. ಅದರ ಹಗ್ಗವನ್ನು ಸ್ಟುಡಿಯೋದ ಆಳುಗಳೇ ಹಿಡಿಯುವುದಿತ್ತು. ಶೀನಣ್ಣ ಈ ಸುದ್ದಿ ಕೇಳಿದೊಡನೆ ಹೋಟೆಲಿಗೆ ಎರಡು ದಿನ ರಜೆ ಹಾಕಿ ಬಂದ. ನನ್ನ ಹುಡುಗಿಯ ತಲೆಯ ಮೇಲಿನ ಹಗ್ಗ ಇನ್ನೊಬ್ಬರ ಕೈಗೆ ಕೊಡುವುದಿಲ್ಲ ಎಂದ.

ಇನ್ನು ಆ ಹನ್ನೊಂದು ಮುಕ್ಕಾಲು. ಸುಮತಿ ಹಾಡಿದ ಹಾಡು, ಕೊನೆಯ ಚೆಂಡೆಯ ಸಮೇತ, ಆಗಲೇ ಟೇಪಿನಲ್ಲಿತ್ತು. ಚಿತ್ರೀಕರಣದಲ್ಲಿ ಅದನ್ನು ಹಾಕಿ, ಅದಕ್ಕೆ ತಕ್ಕಂತೆ ಅಭಿನಯಿಸುವುದು. ಮೂರ್ತಿ, ಹಾಡು ಉದ್ದವಾಯಿತು, ಅರ್ಧ ನಿಮಿಷ ಇಳಿಯಬೇಕು, ಎಲ್ಲಿ ಇಳಿಸೋಣ ಎಂದು ನನ್ನನ್ನು ಕೇಳಿದರು. ಮೊದಲ ಚರಣದಿಂದ ಇಳಿಸಬಹುದಿತ್ತು. ಅಲ್ಲಿ ನನಗೆ ಬಹಳ ಇಷ್ಟವಾದ ಎರಡು ಉಪಮೆ ಇದ್ದವು. ಕೊನೆಯ ಚರಣದ ಮೂರರಿಂದ ಆರರವರೆಗಿನ ಸಾಲುಗಳಿಗೆ, ಹೆಂಚು, ಗೋಪುರ, ಬೆಟ್ಟ, ಹೊಳೆ, ಇಷ್ಟಕ್ಕೂ ಕೆಂಪು ಗೀಟು ಎಳೆದೆ. ಗದ್ದೆಯಾದ ಮೇಲೆ ನೇರ ಕಡಲು. ಓದಲು ಚೆನ್ನಾಗಿಯೇ ಇತ್ತು. ಸಂಜೆಯೊಳಗೆ ಟೇಪು ಕತ್ತರಿಸಿ ಅಂಟಿಸಿದರು. ಸಾಲು ಹೋದರೆ ಮೆಟ್ಟಿಲೂ ಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಬೇರೊಂದು ದೃಶ್ಯ ತೆಗೆಯುವಾಗ ನಾಯಕಿಯ ತುಟಿ ಒಂದು ಪದಕ್ಕೆ ತಪ್ಪಿತು. ಕ್ಯಾಮೆರಾ ಓಡುತ್ತಿರುವಾಗಲೇ ನಾನು, ಒಂದು ನಿಮಿಷ ಎಂದುಬಿಟ್ಟೆ. ಎಲ್ಲವೂ ನಿಂತಿತು. ಮೂರ್ತಿ ಟೋಪಿ ತೆಗೆದು ನನ್ನ ಕಡೆ ತಿರುಗಿದರು.

“ಫಿಲಂ ಓಡ್ತಾ ಇದೆ ಮೇಡಂ, ನಿಮ್ಮ ಕ್ಲಾಸ್ ರೂಮಲ್ಲ ಇದು. ಈ ಫ್ಲೋರಲ್ಲಿ ಕಟ್ ಅನ್ನೋ ಬಾಯಿ ಒಂದೇ. ಇನ್ನೊಂದ್ಸಲ ಬಾಯಿ ತೆಗೆದ್ರೆ ಆಟೋ ಹತ್ತಿಸಿ ಕಳಿಸ್ತೀನಿ, ಸರಿಯಾ?”

ಐವತ್ತು ಅರವತ್ತು ಜನ ನೋಡುತ್ತಿದ್ದರು. ಕೆಲವರು ನಕ್ಕರು. ನನ್ನ ಕಿವಿಯ ತುದಿ ಉರಿಯುತ್ತಿದ್ದದ್ದು ಊಟದ ಹೊತ್ತಿನವರೆಗೂ ಆರಲಿಲ್ಲ.

ಊಟಕ್ಕೆ ಶೀನಣ್ಣ, ಸುಮತಿ, ನಾನು ಒಂದೇ ಬೆಂಚಿನಲ್ಲಿ ಕೂತಿದ್ದೆವು. ಮೊಸರನ್ನದ ಪೊಟ್ಟಣ. ಶೀನಣ್ಣ ಅನ್ನ ಬೆಂದಿಲ್ಲವೆಂದು ಗೊಣಗುತ್ತಿದ್ದ, ಸುಮತಿ ಅವನನ್ನು ರೇಗಿಸುತ್ತಿದ್ದಳು. ಹೇಳಬೇಕಾದದ್ದು ಒಂದೇ ಮಾತು. ಆದರೆ ಸುಮತಿ ಎದುರಿಗಿದ್ದಳು. ಮುಖ ತೆಗೆದವಳು ಈಗ ಹಾಡನ್ನೂ ಕತ್ತರಿಸಿದಳು ಎಂದುಕೊಂಡಾಳು ಎಂಬ ಸಂಕೋಚ. ಹೇಗೂ ಚಿತ್ರೀಕರಣಕ್ಕೆ ಮೊದಲು ಒಂದು ಸಲ ಟೇಪು ಹಾಕಿ ಅಭ್ಯಾಸ ಮಾಡಿಸುತ್ತಾರೆ, ಆಗ ತಾನಾಗಿ ತಿಳಿಯುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಪೊಟ್ಟಣದ ಎಲೆ ಮಡಚಿ ಎದ್ದೆ.

ಅಭ್ಯಾಸ ನಡೆಯಲಿಲ್ಲ. ಹೊತ್ತಾಗಿತ್ತು. ಇವರು ನಾಟಕದಲ್ಲಿ ಮಾಡಿದ್ದೇ ತಾನೇ, ನೇರ ತೆಗೆಯೋಣ ಎಂದರು ಮೂರ್ತಿ. ನಾನು ಕ್ಯಾಮೆರಾದ ಪಕ್ಕದಲ್ಲಿ ಹಾಡಿನ ಕಾಗದ ಹಿಡಿದು ನಿಂತಿದ್ದೆ. ಟೇಪು ಶುರುವಾಯಿತು. ಕೆರೆಯ ಸಾಲಿಗೆ ಸುಮತಿ ಒಂದು ಮೆಟ್ಟಿಲು ಹತ್ತಿದಳು, ಗದ್ದೆಯ ಸಾಲಿಗೆ ಎರಡನೆಯದು. ಆಮೇಲೆ ಅವಳದೇ ಧ್ವನಿ ಕಡಲಿನ ಸಾಲು ಹಾಡಿತು. ಅವಳ ಹೆಜ್ಜೆ ಒಂದು ಕ್ಷಣ ತಡೆದದ್ದನ್ನು ನಾನು ನೋಡಿದೆ. ಅವಳು ಹಾಡನ್ನು ಹಿಡಿಯಲು ಬೇಗ ಬೇಗ ಹತ್ತತೊಡಗಿದಳು. ಇನ್ನು ಉಳಿದದ್ದು ಆ ಸಾಲು ಮತ್ತು ಅಮ್ಮನ ಮನೆಯ ಸಾಲು, ಆಮೇಲೆ ಚೆಂಡೆ. ಎರಡು ಸಾಲಿಗೆ ಹನ್ನೆರಡು ಸೆಕೆಂಡು. ಮನೆಯಲ್ಲಿ ಗಡಿಯಾರ ಎದುರಿಟ್ಟುಕೊಂಡು ಎಷ್ಟೋ ಸಲ ಹಾಡಿ ನೋಡಿದ್ದೇನೆ, ಹನ್ನೆರಡೇ. ಹನ್ನೆರಡು ಸೆಕೆಂಡಿನಲ್ಲಿ ಶೀನಣ್ಣ ಎಂದು ಕೂಗಬಹುದು. ಸುಮತಿ ಇಳಿ ಎನ್ನಬಹುದು. ಎರಡನ್ನೂ ಎರಡೆರಡು ಸಲ ಹೇಳಬಹುದು. ನಾನು ಬಾಯಿ ತೆರೆದೆ. ತೆರೆದು, ಮೂರ್ತಿಯ ಮುಖ ನೋಡಿದೆ. ಏಣಿಯ ಮೇಲಿದ್ದ ಹುಡುಗಿಯನ್ನು ನೋಡಲಿಲ್ಲ, ಅವರ ಮುಖ ನೋಡಿದೆ, ಕೂಗಲು ಅಪ್ಪಣೆ ಇದೆಯೇ ಎಂದು. ಅವರು ದೃಶ್ಯದಲ್ಲಿ ಮುಳುಗಿದ್ದರು. ಚೆಂಡೆ ಉರುಳಿತು.

ಪೈಪು ಅವಳ ತಲೆಯಿಂದ ಒಂದು ಗೇಣು ಆಚೆ ಇಳಿದು ಭುಜಕ್ಕೆ ಹೊಡೆಯಿತು. ಐದನೆಯ ಮೆಟ್ಟಿಲಿನಿಂದ ಅವಳು ಪಕ್ಕಕ್ಕೆ ಉರುಳಿದಳು. ಬಿದ್ದ ಶಬ್ದ ಕೇಳಿದ ಮೇಲೂ ಟೇಪು ಓಡುತ್ತಿತ್ತು. ಅವಳು ನೆಲದ ಮೇಲಿದ್ದಳು, ಅವಳ ಧ್ವನಿ ಮೇಲೆ ಪಲ್ಲವಿಯನ್ನು ಮತ್ತೆ ಹಾಡುತ್ತಿತ್ತು. ಯಾರೋ ಅದನ್ನು ನಿಲ್ಲಿಸಿದರು. ಬೆಳ್ಳಿ ನೂಲಿನೊಳಗೆ ಸಿಕ್ಕಿದ್ದ ಅವಳನ್ನು ಬಿಡಿಸುವಾಗ ಬಲಗಾಲು ತೊಡೆಯ ಬಳಿ ಇರಬಾರದ ಕಡೆಗೆ ತಿರುಗಿತ್ತು. ಮೂರ್ತಿ, ಹಗ್ಗ ಬಿಟ್ಟವನು ಯಾರು ಎಂದು ತಮಿಳಿನಲ್ಲಿ ಅರಚಿದರು. ಮರೆಯಿಂದ ಹೊರಗೆ ಬಂದ ಶೀನಣ್ಣನ ಎರಡೂ ಅಂಗೈ ಬಿಚ್ಚಿಕೊಂಡೇ ಇದ್ದವು. ಚೆಂಡೆ ಬಂತು, ಬಿಟ್ಟೆ ಎಂದ. ಎಲ್ಲರೂ ಅವನನ್ನು ನೋಡಿದರು. ನಾನೂ ನೋಡಿದೆ.

ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು, ಭುಜದ ಮೂಳೆ ಒಂದು ಕಡೆ. ಸರಳು ಹಾಕಿದರು. ತಲೆಗೆ ಪೆಟ್ಟಾಗಿರಲಿಲ್ಲ, ಆದರೆ ಆ ದಿನ ಬೆಳಗಿನ ನಂತರದ್ದು ಅವಳಿಗೆ ಏನೂ ನೆನಪಿರಲಿಲ್ಲ. ಹಾಗಾಗುವುದುಂಟು, ಒತ್ತಾಯ ಮಾಡಬೇಡಿ ಎಂದರು ಡಾಕ್ಟರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಮೂರ್ತಿ ನನ್ನ ಪಕ್ಕ ಬಂದು ನಿಂತರು. ಟೋಪಿ ಇರಲಿಲ್ಲ, ವಯಸ್ಸಾದವರಂತೆ ಕಂಡರು.

“ನಾಲ್ಕು ಸಾಲು ತೆಗೆದದ್ದು ನೀವು, ಓಕೆ ಅಂದದ್ದು ನಾನು. ಟೇಪು ಕತ್ತರಿಸಿದೋರಿಗೆ ಮೆಟ್ಟಿಲಿನ ಲೆಕ್ಕ ಗೊತ್ತಿಲ್ಲ. ನಮ್ಮಿಬ್ಬರಿಗೆ ಗೊತ್ತು, ಮೂರನೆಯವರಿಗೆ ಬೇಡ. ಆ ಪೆರಿಯವರು, ನಿಮ್ಮ ಶೀನಣ್ಣ, ತಪ್ಪು ತಂದೇ ಅಂತಿದಾರೆ, ನಾವ್ಯಾಕೆ ಬೇಡ ಅನ್ನೋಣ?”

ನಾನು ಹೂಂ ಅನ್ನಲಿಲ್ಲ. ಊಹೂಂ ಎಂದೂ ಅನ್ನಲಿಲ್ಲ.

ಫೆಬ್ರವರಿ ಮುಗಿದು ಬಿಸಿಲು ಏರತೊಡಗಿತು. ಆ ವರ್ಷ ನೀರಿಗೆ ಬಹಳ ಕಷ್ಟ. ಲಾರಿ ಬಂದ ಸದ್ದಿಗೆ ಇಡೀ ಬೀದಿ ಬಣ್ಣ ಬಣ್ಣದ ಪ್ಲಾಸ್ಟಿಕ್ ಕೊಡ ಹಿಡಿದು ಓಡುತ್ತಿತ್ತು. ನಾನೂ ಆ ಸಾಲಿನಲ್ಲಿ ನಿಲ್ಲುತ್ತಿದ್ದೆ. ಗುಲಾಬಕ್ಕ ಅಲ್ಲಿ ಸಿಕ್ಕರೆ ಸುಮತಿಯ ಕಾಲಿನ ಸುದ್ದಿ ಹೇಳುತ್ತಿದ್ದರು. ಚಿತ್ರ ನಿಂತುಹೋಯಿತು. ನಿರ್ಮಾಪಕರು ಆಸ್ಪತ್ರೆಯ ಖರ್ಚು ಕೊಟ್ಟು ಕೈ ತೊಳೆದುಕೊಂಡರು, ಮೂರ್ತಿ ಮತ್ತೆ ಇನ್ನೊಬ್ಬರ ಕೈಕೆಳಗೆ ಸೇರಿಕೊಂಡರು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಸುಮತಿಯನ್ನು ನೋಡಲು ಹೋದೆ. ಅವಳು ಮಲಗಿದ್ದಳು. ಊಟದ ಗಿರಾಕಿ ಮುಗಿದು ತಿಂಡಿಯ ಗಿರಾಕಿ ಶುರುವಾಗದ ಹೊತ್ತು; ಶೀನಣ್ಣ ಬೆಂಚಿನ ಮೇಲೆ ಕೂತಿದ್ದ. ಕಣ್ಣು ಕೆಂಪಾಗಿ ಒಳಗೆ ಹೋಗಿದ್ದವು. ಕಿವಿ ಪರೀಕ್ಷೆ ಮಾಡಿಸಿಕೊಂಡು ಬಂದೆ ಎಂದ. ಕಿವಿಗೆ ಏನೂ ಆಗಿಲ್ಲವಂತೆ. ಹಾಗಾದರೆ ಒಂದೇ ಕಾರಣ ಎಂದು ನನ್ನ ಕಡೆ ಬಾಗಿದ.

“ಗದ್ದೆ ಸಾಲು ಕೇಂಡದ್ದು ನೆಂಪಿತ್ತು ಅಮ್ಮ. ಮತ್ತೆ ಕಡಲು ಕೇಂಡದ್ದು ನೆಂಪಿತ್ತು. ನಡುವಿನ ನಾಲ್ಕು ಸಾಲು ನಂಗೆ ಕೇಳ್ಲೇ ಇಲ್ಲ. ಎಲ್ಲಿಗೆ ಹೋಯ್ತು ಅದು? ನಾನು ನಿಂತಲ್ಲೇ ಒರಗಿದೆ, ಕಾಣಿ. ಮೂರೂವರೆಗೆ ಏಳುವ ಜೀವ, ಹಗ್ಗ ಹಿಡ್ಕೊಂಡೇ ನಿದ್ದೆ ಬಂತು. ಹುಡುಗಿ ಮೇಲಿದ್ಲು, ನಾನು ನಿದ್ದೆ ಮಾಡಿದೆ.”

ಅಂದಿನಿಂದ ಅವನಿಗೆ ನಿದ್ದೆಯೆಂದರೆ ಹೇಸಿಗೆಯಾಗಿತ್ತು. ಕಣ್ಣು ಮುಚ್ಚಿದರೆ ಕೈ ಬಿಚ್ಚುತ್ತದೆ ಎನ್ನುತ್ತಿದ್ದ. ಇಡೀ ರಾತ್ರಿ ಬೆಂಚಿನ ಮೇಲೆ ಕೂತೇ ಇರುತ್ತಾರೆ ಎಂದು ಗುಲಾಬಕ್ಕ ಹೇಳಿದರು. ಹಗಲು ದೋಸೆ ಕಲ್ಲಿನ ಮೇಲೆ ಕೈ ಸುಟ್ಟುಕೊಂಡಿದ್ದ, ಎರಡು ಸಲ. ನಾನು ಅವನ ಎದುರು ಕೂತು ಅವನು ತರಿಸಿಕೊಟ್ಟ ಕಾಫಿ ಕುಡಿದೆ. ಲೋಟ ಖಾಲಿಯಾಗುವವರೆಗೆ ಕುಡಿದೆ. ಹೀಗೆಲ್ಲ ಯೋಚಿಸಬೇಡಿ ಶೀನಣ್ಣ ಎಂದು ಉಪದೇಶವನ್ನೂ ಮಾಡಿ ಮನೆಗೆ ಬಂದೆ.

ಮನೆಯಲ್ಲಿ ನಮ್ಮವರಿಗೆ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡು, ಇದನ್ನು ನನಗೆ ಹೇಳಿ ಏನು ಪ್ರಯೋಜನ ಎಂದರು.

ಮೇ ತಿಂಗಳ, ಮದರಾಸಿನವರು ಕತ್ತರಿ ಎನ್ನುವ ಸುಡು ಬಿಸಿಲಿನಲ್ಲಿ ಸಂಘದ ಕಾರ್ಯಕಾರಿ ಸಮಿತಿ ಸೇರಿತು. ಮುಂದಿನ ರಾಜ್ಯೋತ್ಸವದ ಮಾತು ಬಂದಾಗ ಅಧ್ಯಕ್ಷರು ರಂಗದ ಕೆಲಸದ ಬಗ್ಗೆ ಒಂದು ನಿರ್ಣಯ ಆಗಬೇಕೆಂದರು. ಮಾತಿಗೆ ಕರೆಸಿದ್ದ ಶೀನಣ್ಣ ಬಾಗಿಲ ಬಳಿ ನಿಂತಿದ್ದ, ಕೂರಿ ಎಂದರೂ ಕೂರಲಿಲ್ಲ. ಅವನೇ ತಪ್ಪು ಒಪ್ಪಿಕೊಂಡ ಮೇಲೆ ಚರ್ಚೆಗೆ ಏನಿತ್ತು. ಕಾರ್ಯದರ್ಶಿ ರಜೆಯಲ್ಲಿದ್ದರು. ನಿಮ್ಮ ಕೈಬರಹ ಚೆನ್ನಾಗಿದೆ, ಭಾಷೆಯೂ ಶುದ್ಧ, ನೀವೇ ಬರೆಯಿರಿ ಎಂದು ನಡಾವಳಿಯ ಪುಸ್ತಕವನ್ನು ನನ್ನ ಮುಂದೆ ಇಟ್ಟರು. ನಾನು ಬರೆದೆ. ಶ್ರೀ ಶೀನ ಇವರು ಹಗ್ಗ ಹಿಡಿದಿದ್ದಾಗ ನಿದ್ದೆಗೆ ಜಾರಿದ್ದರಿಂದ ಉಂಟಾದ ಅವಘಡವನ್ನು ಸಮಿತಿ ವಿಷಾದದಿಂದ ಗಮನಿಸಿ, ಇನ್ನು ಮುಂದೆ ಅವರಿಗೆ ರಂಗದ ಯಾವ ಹೊಣೆಯನ್ನೂ ವಹಿಸತಕ್ಕದ್ದಲ್ಲವೆಂದು ತೀರ್ಮಾನಿಸಿತು. ‘ವಿಷಾದದಿಂದ’ ಎಂಬ ಪದ ನಾನೇ ಸೇರಿಸಿದ್ದು. ಶೀನಣ್ಣ ಬಂದು, ಎಲ್ಲಿ ಅಮ್ಮ ಎಂದು ಕೇಳಿ, ನಾನು ಬೆರಳಿಟ್ಟು ತೋರಿಸಿದಲ್ಲಿ ಎರಡು ಅಕ್ಷರವನ್ನು ಒತ್ತಿ ಒತ್ತಿ ಸಹಿ ಮಾಡಿದ. ಪೆನ್ನಿಗೆ ಮುಚ್ಚಳ ಹಾಕಿ ನನಗೆ ವಾಪಸು ಕೊಟ್ಟು ಕೈ ಮುಗಿದ.

ಎರಡು ದಿನ ಬಿಟ್ಟು, ಮಧ್ಯಾಹ್ನ ಮೂರಕ್ಕೆ, ಕೆಂಪು ಗೀಟಿನ ಕಾಗದವನ್ನು ಚೀಲದಲ್ಲಿಟ್ಟುಕೊಂಡು ಹೋಟೆಲಿಗೆ ಹೋದೆ. ಧೈರ್ಯ ಬಂದು ಹೋದದ್ದಲ್ಲ. ನನ್ನ ಅಕ್ಷರದ ಕೆಳಗೆ ಆ ಸಹಿ ಇರುವುದನ್ನು ನೆನೆದು ಅನ್ನ ಇಳಿಯುತ್ತಿರಲಿಲ್ಲ, ಅಷ್ಟೇ. ಹಿಂದಿನ ಕೋಣೆಯಲ್ಲಿ ಮೂವರೂ ಇದ್ದರು. ಸುಮತಿ ಊರುಗೋಲನ್ನು ಗೋಡೆಗೆ ಒರಗಿಸಿ ಮಂಚದ ಮೇಲೆ ಕೂತಿದ್ದಳು. ನಾನು ನಿಂತೇ ಹೇಳಿದೆ. ಸಾಲು ಕತ್ತರಿಸಿದ್ದು, ಊಟದ ಹೊತ್ತಿಗೆ ಹೇಳದೇ ಇದ್ದದ್ದು, ಎಲ್ಲವನ್ನೂ. ಹೇಳುತ್ತಿದ್ದಂತೆ ಅದು ಎಷ್ಟು ಚಿಕ್ಕ ಮಾತು ಎಂದು ನನಗೇ ಗಾಬರಿಯಾಯಿತು. ಎರಡು ನಿಮಿಷ ಕೂಡ ಹಿಡಿಯಲಿಲ್ಲ.

ಶೀನಣ್ಣ ಕಾಗದ ತೆಗೆದುಕೊಂಡ. ಯಾವ ನಾಲ್ಕು ಎಂದು ಕೇಳಿದ, ತೋರಿಸಿದೆ. ಅವನು ಚರಣವನ್ನು ಮೊದಲಿನಿಂದ ತನ್ನಷ್ಟಕ್ಕೆ ಗುನುಗತೊಡಗಿದ. ಕೆರೆ. ಗದ್ದೆ. ಅಲ್ಲಿಂದ ಕೆಂಪು ಗೀಟನ್ನು ದಾಟಿ ಕಡಲು, ಅಮ್ಮನ ಮನೆ. ಬೆರಳು ಮಂಚದ ಕಟ್ಟಿಗೆಯ ಮೇಲೆ ಚೆಂಡೆ ಉರುಳಿಸಿತು, ಇನ್ನೊಂದು ಕೈ ತಾನಾಗಿ ಬಿಚ್ಚಿತು. ಮತ್ತೆ ಮೊದಲಿನಿಂದ. ಮೂರು ಸಲ ಹಾಗೆ ಮಾಡಿದ. ನಾನು ಬೈಗುಳಕ್ಕೆ ಕಾಯುತ್ತಿದ್ದೆ.

“ಹಾಗಾದ್ರೆ ನಾನು ಎಚ್ಚರ ಇದ್ದೆ” ಎಂದ, ಹೆಂಡತಿಯ ಕಡೆ ತಿರುಗಿ. “ಗುಲಾಬಿ, ನಾನು ಎಚ್ಚರವೇ ಇದ್ದೆ.”

ಗುಲಾಬಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದರು. ಸುಮತಿ ಮಾತ್ರ ನನ್ನನ್ನೇ ನೋಡುತ್ತಿದ್ದಳು.

“ನೀವು ಎಲ್ಲಿ ನಿಂತಿದ್ರಿ ಅಕ್ಕ?”

ಕ್ಯಾಮೆರಾದ ಪಕ್ಕ ಎಂದೆ.

“ಹಾಡು ಹಾರಿದ್ದು ಗೊತ್ತಾಯ್ತಾ ನಿಮಗೆ? ಆಗಲೇ?”

“ಗೊತ್ತಾಯ್ತು.”

ಅವಳು ಸೀರೆಯ ಅಂಚನ್ನು ಕಾಲಿನ ಮೇಲೆ ಸರಿಮಾಡಿಕೊಂಡಳು. ಕೂಗಲಿಲ್ಲವೇಕೆ ಎಂದು ಕೇಳಿದ್ದರೆ, ಬೆಳಿಗ್ಗೆ ನನ್ನನ್ನು ಬೈದಿದ್ದರು ಎಂದು ಹೇಳಬೇಕಾಗುತ್ತಿತ್ತು. ಅಷ್ಟು ಸಣ್ಣ ಉತ್ತರವನ್ನು ಅವಳು ನನ್ನಿಂದ ಹೇಳಿಸಲಿಲ್ಲ. ಅಲ್ಲಿಂದ ನೇರ ಅಧ್ಯಕ್ಷರ ಮನೆಗೆ ಹೋಗಿ, ನಡಾವಳಿಯಲ್ಲಿ ನಾನು ಬರೆದದ್ದರ ಕೆಳಗೆ ನಡೆದದ್ದನ್ನು ಬರೆದು ಸಹಿ ಮಾಡಿದೆ. ಅವರು ಓದಿ, ಇಷ್ಟೆಲ್ಲ ಬೇಕಿತ್ತಾ ಎಂದರು.

ಆ ರಾತ್ರಿ ನಾನು ಮಲಗಿದವಳಿಗೆ ಒಂದು ಸಲವೂ ಎಚ್ಚರವಾಗಲಿಲ್ಲ. ಕನಸಿಲ್ಲ, ಹನ್ನೆರಡು ಸೆಕೆಂಡಿಲ್ಲ. ಮೂರು ತಿಂಗಳಲ್ಲಿ ಮೊದಲ ಸಲ. ಬೆಳಿಗ್ಗೆ ಫೋನು ಎಷ್ಟು ಹೊತ್ತು ಬಡಿದುಕೊಂಡಿತೋ ತಿಳಿಯದು. ಎದ್ದು ತಡವರಿಸಿಕೊಂಡು ಹೋಗಿ ಎತ್ತಿದೆ. ಆರೂವರೆಯಾಗಿತ್ತು. ಗುಲಾಬಕ್ಕ, ಹೋಟೆಲಿನ ಕೌಂಟರಿನಿಂದ. ಹಿಂದೆ ಲೋಟಗಳ ಸದ್ದು, ಯಾರೋ ದೋಸೆ ಇನ್ನೂ ಇಲ್ಲವೇ ಎಂದು ತಮಿಳಿನಲ್ಲಿ ಕೇಳುತ್ತಿದ್ದದ್ದು.

“ಇವರಿನ್ನೂ ಎದ್ದಿಲ್ಲ ಮಾರಾಯ್ರೆ. ನಿನ್ನೆ ಎಂಟಕ್ಕೆ ಒರಗಿದವರು. ಹೋಟೆಲಿನ ಮುದಲಾಳಿ ಎಬ್ಬಿಸು ಅಂತ ಬೊಬ್ಬೆ ಹೊಡಿತಿದ್ದಾರೆ, ನಾನು ಎಬ್ಬಿಸುದಿಲ್ಲ ಅಂದೆ. ಗೊರಕೆ ಕೇಳಿ ಎಷ್ಟು ದಿನ ಆಯ್ತು. ನಿಮಗೊಂದು ಹೇಳ್ವ ಅನ್ನಿಸ್ತು.” ಆಮೇಲೆ, ಎಂದಿನ ಮರ್ಯಾದೆಯ ಧ್ವನಿಯಲ್ಲಿ, “ನಿಮ್ಮನ್ನು ನಿದ್ದೆಯಿಂದ ಎಬ್ಬಿಸಿದೆನಾ ಎಂತ?” ಎಂದು ಕೇಳಿದರು.

ನನ್ನ ಕೆನ್ನೆಯ ಮೇಲೆ ದಿಂಬಿನ ಗೆರೆ ಇನ್ನೂ ಇತ್ತು. ಇಲ್ಲ ಗುಲಾಬಕ್ಕ, ಆಗಲೇ ಎದ್ದಿದ್ದೆ ಎಂದೆ.